ಒಂದು ಡಾಲರಿಗೆ ಹೋದ ಹಕ್ಕು: ಆಪರೇಷನ್ ಥಿಯೇಟರಿಗೆ ಕರೆಂಟು ತಂದ ವಿಲಿಯಂ ಬೋವಿ

ಮಂಗಳೂರಿನಿಂದ ಉಡುಪಿ, ಕುಂದಾಪುರ, ಭಟ್ಕಳ, ಕಾರವಾರ ದಾಟಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹಾಗೇ ಮುಂದಕ್ಕೆ ಹೋದರೆ, ಪಣಜಿ ಸೇರುವ ಸ್ವಲ್ಪ ಮೊದಲು ಬಾಂಬೋಲಿಂ ಎಂಬ ಜಾಗದಲ್ಲಿ ಗೋವಾ ಮೆಡಿಕಲ್ ಕಾಲೇಜು ಆಸ್ಪತ್ರೆ ಸಿಗುತ್ತದೆ. ಪೋರ್ಚುಗೀಸರ ಕಾಲದಲ್ಲಿ, 1842ರಲ್ಲಿ, ಪಣಜಿಯಲ್ಲಿ ಶುರುವಾದ ವೈದ್ಯ ಶಾಲೆಯೇ ಇಂದಿನ ಈ ಕಾಲೇಜಿನ ಮೂಲ. ಏಷ್ಯಾದಲ್ಲಿ ಪಾಶ್ಚಾತ್ಯ ವೈದ್ಯ ಕಲಿಸಿದ ಹಳೆಯ ಶಾಲೆಗಳಲ್ಲಿ ಅದೂ ಒಂದು. ಇಲ್ಲಿಗೆ ಗೋವಾದವರು ಮಾತ್ರ ಬರುವುದಲ್ಲ. ಕಾರವಾರದ ಕಡೆಯವರು ದೊಡ್ಡ ಕಾಯಿಲೆ ಬಂದರೆ ಬರುವುದು ಇಲ್ಲಿಗೇ. ವಾಸ್ಕೊ, ಮಡಗಾಂವ್ ಕಡೆ ಕೂಲಿ, ವ್ಯಾಪಾರ ಅಂತ ನೆಲೆಸಿದ ಕನ್ನಡದವರಿಗೂ ಇದೇ ಆಸರೆ.

ಇಂಥ ಯಾವ ದೊಡ್ಡ ಆಸ್ಪತ್ರೆಯಲ್ಲಾದರೂ ಸರಿ, ಆಪರೇಷನ್ ಇದ್ದ ದಿನ ಒಂದೇ ರೀತಿಯ ದೃಶ್ಯ. ಸಿಸ್ಟರ್ ಬಂದು ಉಂಗುರ ತೆಗೆಯಿರಿ, ಬಳೆ ತೆಗೆಯಿರಿ, ಕಿವಿಯದ್ದು ತೆಗೆಯಿರಿ ಎನ್ನುತ್ತಾರೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿದ್ದಾರಾ, ಮೈಯೊಳಗೆ ರಾಡು, ಸ್ಕ್ರೂ ಇದೆಯಾ ಎಂದು ಕೇಳುತ್ತಾರೆ. ಒಳಗೆ ಕರಕೊಂಡು ಹೋದ ಮೇಲೆ ತೊಡೆಗೆ ಅಂಗೈಗಿಂತ ದೊಡ್ಡದಾದ ಒಂದು ಅಂಟು ಪ್ಲೇಟು ಅಂಟಿಸುತ್ತಾರೆ. ಅದಕ್ಕೊಂದು ವಯರು. ಆ ವಯರು ಹೋಗಿ ಸೇರುವುದು ಒಂದು ಪೆಟ್ಟಿಗೆಗೆ. ಇದು ಯಾಕೆ ಎಂದು ರೋಗಿಗೂ ಗೊತ್ತಿರುವುದಿಲ್ಲ, ಹೊರಗೆ ಬೆಂಚಿನಲ್ಲಿ ತಸ್ಬೀಹ್ ಹಿಡಿದು ಕೂತ ಉಮ್ಮನಿಗೂ ಗೊತ್ತಿರುವುದಿಲ್ಲ.

ಆ ಪೆಟ್ಟಿಗೆಯನ್ನು ನಮ್ಮ ಕಡೆಯ ಡಾಕ್ಟರುಗಳು ಕಾಟರಿ ಅನ್ನುತ್ತಾರೆ, ಕೆಲವರು ಡಯಾಥರ್ಮಿ ಅನ್ನುತ್ತಾರೆ. ಅಮೆರಿಕದ ಸರ್ಜನ್‌ಗಳು ಅದನ್ನು ಬೋವಿ ಎಂದೇ ಕರೆಯುತ್ತಾರೆ. ಬೋವಿ ಅಂದರೆ ಒಬ್ಬ ಮನುಷ್ಯನ ಹೆಸರು. ಆ ಮನುಷ್ಯ ಡಾಕ್ಟರೂ ಅಲ್ಲ, ಎಂಜಿನಿಯರೂ ಅಲ್ಲ. ಗಿಡಗಳ ಬಗ್ಗೆ ಓದಿ ಡಾಕ್ಟರೇಟ್ ಪಡೆದವರು. ತಮ್ಮ ಯಂತ್ರದ ಹಕ್ಕನ್ನು ಅವರು ಕೊಟ್ಟುಬಿಟ್ಟದ್ದು ಒಂದು ಡಾಲರಿಗೆ.

ಬೆಂಕಿಯಿಂದ ಶುರುವಾದ ವಿದ್ಯೆ

ಬೋವಿಯ ಕಥೆಗೆ ಹೋಗುವ ಮೊದಲು ಸಾವಿರ ವರ್ಷ ಹಿಂದಕ್ಕೆ ಹೋಗಬೇಕು. ಹರಿಯುವ ರಕ್ತವನ್ನು ನಿಲ್ಲಿಸುವುದು ಸರ್ಜರಿಯ ಮೊದಲ ಸಮಸ್ಯೆ. ಹಳಬರಿಗೆ ಗೊತ್ತಿದ್ದ ಒಂದು ಉಪಾಯ ಕಾದ ಕಬ್ಬಿಣ. ಸುಟ್ಟರೆ ರಕ್ತ ಹೆಪ್ಪುಗಟ್ಟುತ್ತದೆ, ಸೋರುವುದು ನಿಲ್ಲುತ್ತದೆ.

ಈ ವಿದ್ಯೆಯನ್ನು ಶಾಸ್ತ್ರವಾಗಿ ಬರೆದಿಟ್ಟವರಲ್ಲಿ ದೊಡ್ಡ ಹೆಸರು ಅಬುಲ್ ಕಾಸಿಂ ಅಲ್ ಝಹ್ರಾವಿ. ಸ್ಪೇನಿನ ಕೊರ್ಡೋವಾದ ಪಕ್ಕದ ಅಝ್ಝಹ್ರಾ ನಗರದವರು. ಕ್ರಿ.ಶ. 1000ದ ಸುಮಾರಿಗೆ ಅವರು ಪೂರ್ಣಗೊಳಿಸಿದ ಕಿತಾಬ್ ಅತ್ತಸ್ರೀಫ್‌ನಲ್ಲಿ 30 ಭಾಗಗಳಿವೆ. ಕೊನೆಯ ಭಾಗ ಪೂರಾ ಸರ್ಜರಿಗೆ ಮೀಸಲು, ಅದು ಶುರುವಾಗುವುದೇ ಸುಡುವ ಚಿಕಿತ್ಸೆಯಿಂದ. ಯಾವ ಕಾಯಿಲೆಗೆ ಯಾವ ಆಕಾರದ ಸಲಾಕೆ ಬೇಕು ಎಂದು ಚಿತ್ರ ಬಿಡಿಸಿ ತೋರಿಸಿದ್ದಾರೆ. ಚಿನ್ನದ ಸಲಾಕೆಗಿಂತ ಕಬ್ಬಿಣದ್ದೇ ಮೇಲು ಎಂಬುದು ಅವರ ಅಭಿಪ್ರಾಯವಾಗಿತ್ತು, ಯಾಕೆಂದರೆ ಚಿನ್ನ ಎಷ್ಟು ಕಾದಿದೆ ಎಂದು ಬಣ್ಣ ನೋಡಿ ಹೇಳುವುದು ಕಷ್ಟ. ಆ ಗ್ರಂಥ 12ನೇ ಶತಮಾನದಲ್ಲಿ ಟೊಲೆಡೊದಲ್ಲಿ ಲ್ಯಾಟಿನ್‌ಗೆ ಅನುವಾದವಾಯಿತು. ಮುಂದೆ ನೂರಾರು ವರ್ಷ ಯುರೋಪಿನ ಸರ್ಜನ್‌ಗಳು ಅದನ್ನು ಓದಿ ಕಲಿತರು.

ಆದರೆ ಕಾದ ಕಬ್ಬಿಣಕ್ಕೆ ಒಂದು ಮಿತಿ ಇತ್ತು. ಅದು ಬೇಕಾದ್ದನ್ನೂ ಸುಡುತ್ತಿತ್ತು, ಬೇಡದ್ದನ್ನೂ ಸುಡುತ್ತಿತ್ತು. ಮೆದುಳಿನಂಥ ಜಾಗದಲ್ಲಿ ಅದನ್ನು ಒತ್ತುವ ಹಾಗಿರಲಿಲ್ಲ. ಶಾಖವನ್ನು ಕೂದಲೆಳೆಯಷ್ಟು ಜಾಗದಲ್ಲಿ ಮಾತ್ರ ಹುಟ್ಟಿಸಿ, ಕಾಲಿನ ಪೆಡಲು ಒತ್ತಿದಾಗ ಬರುವಂತೆ, ಬಿಟ್ಟಾಗ ನಿಲ್ಲುವಂತೆ ಮಾಡಬೇಕಾದರೆ ಬೆಂಕಿ ಸಾಲದು, ವಿದ್ಯುತ್ ಬೇಕಿತ್ತು.

ಮಿಶಿಗನ್‌ನ ಹುಡುಗ

ವಿಲಿಯಂ ಟಿ. ಬೋವಿ ಹುಟ್ಟಿದ್ದು 1882ರಲ್ಲಿ, ಅಮೆರಿಕದ ಮಿಶಿಗನ್ ರಾಜ್ಯದ ಆಗಸ್ಟಾ ಎಂಬ ಸಣ್ಣ ಊರಿನಲ್ಲಿ. ಮಿಸೌರಿ ವಿಶ್ವವಿದ್ಯಾಲಯದಲ್ಲಿ ಕಲಿತರು, ಆಮೇಲೆ ಹಾರ್ವರ್ಡ್‌ಗೆ ಹೋಗಿ ಸಸ್ಯಗಳ ದೇಹಕ್ರಿಯೆಯ ಬಗ್ಗೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. ಬೆಳಕು, ರೇಡಿಯಂ ಕಿರಣ ಇವೆಲ್ಲ ಜೀವಕೋಶಕ್ಕೆ ಬಿದ್ದರೆ ಏನಾಗುತ್ತದೆ ಎಂಬುದು ಅವರ ಆಸಕ್ತಿ. ಜೀವಶಾಸ್ತ್ರಕ್ಕೂ ಭೌತಶಾಸ್ತ್ರಕ್ಕೂ ನಡುವಿನ ಈ ವಿಷಯ ಆಗ ಹೊಸತು. ಬೋಸ್ಟನ್‌ನಲ್ಲಿ ಹಾರ್ವರ್ಡಿನ ಕ್ಯಾನ್ಸರ್ ಸಂಶೋಧನೆಗೆ ಸೇರಿದ ಹಂಟಿಂಗ್ಟನ್ ಆಸ್ಪತ್ರೆಯಲ್ಲಿ ಅವರಿಗೆ ಕೆಲಸ ಸಿಕ್ಕಿತು.

ಕ್ಯಾನ್ಸರ್ ಗಡ್ಡೆಗಳನ್ನು ವಿದ್ಯುತ್ತಿನಿಂದ ಕೊಯ್ದು ತೆಗೆಯಲು ಆಗುತ್ತದಾ ಎಂದು ಬೋವಿ ಅಲ್ಲೇ ಪ್ರಯೋಗ ಮಾಡುತ್ತಿದ್ದರು. ಇದರಲ್ಲಿ ಅವರೇ ಮೊದಲಿಗರು ಎಂದರೆ ತಪ್ಪಾಗುತ್ತದೆ. 1891ರಲ್ಲೇ ಫ್ರಾನ್ಸಿನ ದಾರ್ಸೊನ್‌ವಾಲ್ ಎಂಬ ವಿಜ್ಞಾನಿ ಒಂದು ಮುಖ್ಯ ಸಂಗತಿ ಕಂಡುಹಿಡಿದಿದ್ದರು. ಸೆಕೆಂಡಿಗೆ ಸುಮಾರು ಹತ್ತು ಸಾವಿರಕ್ಕಿಂತ ಹೆಚ್ಚು ಸಲ ದಿಕ್ಕು ಬದಲಿಸುವ ವಿದ್ಯುತ್ ಮೈಯೊಳಗೆ ಹರಿದರೂ ಸ್ನಾಯು ಸೆಟೆಯುವುದಿಲ್ಲ, ಶಾಕ್ ಹೊಡೆಯುವುದಿಲ್ಲ, ಬರೀ ಬಿಸಿಯಾಗುತ್ತದೆ. ಅದನ್ನು ಹಿಡಿದುಕೊಂಡು ಪ್ಯಾರಿಸ್, ಬರ್ಲಿನ್, ಫಿಲಡೆಲ್ಫಿಯಾದ ಕೆಲವು ಡಾಕ್ಟರುಗಳು ಚರ್ಮದ ಗಡ್ಡೆ, ಹುಣ್ಣು ಸುಡುತ್ತಿದ್ದರು. ಆದರೆ ಹೆಚ್ಚಿನ ಸರ್ಜನ್‌ಗಳು ಅದನ್ನು ನಂಬಿರಲಿಲ್ಲ. ಚಾಕು ಹಿಡಿದವರಿಗೆ ಅದು ಆಟದ ಸಾಮಾನಿನ ಹಾಗೆ ಕಂಡಿತ್ತು.

ಬೋವಿಯ ಹೆಚ್ಚುಗಾರಿಕೆ ಎಂದರೆ, ಕೊಯ್ಯುವುದಕ್ಕೂ ರಕ್ತ ನಿಲ್ಲಿಸುವುದಕ್ಕೂ ಬೇರೆ ಬೇರೆ ರೀತಿಯ ವಿದ್ಯುತ್ ಕೊಡುವ ಒಂದೇ ಯಂತ್ರವನ್ನು ಸರ್ಜನ್ ಕೈಗೆ ಒಗ್ಗುವಂತೆ ಮಾಡಿದ್ದು.

ಶಾಕ್ ಹೊಡೆಯದ ಕರೆಂಟು

ಇಲ್ಲಿ ಸ್ವಲ್ಪ ನಿಂತು ಯಂತ್ರವನ್ನು ಅರ್ಥ ಮಾಡಿಕೊಳ್ಳೋಣ. ಮನೆಯ ಪ್ಲಗ್ಗಿನಲ್ಲಿರುವ ಕರೆಂಟು 230 ವೋಲ್ಟಿನದ್ದು, ಸೆಕೆಂಡಿಗೆ 50 ಆವರ್ತನ. ಮುಟ್ಟಿದರೆ ಜೀವ ಹೋಗಬಹುದು. ಅದೇ ಕರೆಂಟನ್ನು ತೆಗೆದುಕೊಂಡು ಈ ಪೆಟ್ಟಿಗೆ ಸೆಕೆಂಡಿಗೆ ಲಕ್ಷಗಟ್ಟಲೆ ಆವರ್ತನಕ್ಕೆ ಏರಿಸುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 3 ಲಕ್ಷಕ್ಕಿಂತ ಮೇಲೆ.

ಉಯ್ಯಾಲೆಯಲ್ಲಿ ಕೂತ ಮಗುವನ್ನು ನಿಧಾನಕ್ಕೆ ತಳ್ಳಿದರೆ ಅದು ದೂರ ಹೋಗಿ ಬರುತ್ತದೆ. ಒಂದು ಸೆಕೆಂಡಿನಲ್ಲಿ ನೂರು ಸಲ ಆಚೆ ಈಚೆ ತಳ್ಳಿದರೆ? ಉಯ್ಯಾಲೆ ಇದ್ದಲ್ಲೇ ನಡುಗುತ್ತದೆ ಅಷ್ಟೆ, ಎಲ್ಲಿಗೂ ಹೋಗುವುದಿಲ್ಲ. ನರ ಮತ್ತು ಸ್ನಾಯುಗಳ ಸಂಗತಿಯೂ ಹಾಗೇ. ನಿಧಾನದ ಕರೆಂಟಿಗೆ ಅವು ಎಚ್ಚರಾಗುತ್ತವೆ, ಹೃದಯದ ಬಡಿತ ತಪ್ಪುತ್ತದೆ. ಲಕ್ಷಗಟ್ಟಲೆ ಸಲ ದಿಕ್ಕು ಬದಲಿಸುವ ಕರೆಂಟಿಗೆ ಪ್ರತಿಕ್ರಿಯೆ ಕೊಡಲು ಅವುಗಳಿಗೆ ಪುರುಸೊತ್ತೇ ಇರುವುದಿಲ್ಲ. ಆದರೆ ಜೀವಕೋಶದೊಳಗಿನ ಉಪ್ಪಿನಂಶದ ಕಣಗಳು ಅಲ್ಲೇ ನಡುಗುತ್ತವೆ. ನಡುಕದಿಂದ ಉಜ್ಜಾಟ, ಉಜ್ಜಾಟದಿಂದ ಬಿಸಿ.

ಹಾಗಾದರೆ ಇಡೀ ಮೈ ಯಾಕೆ ಸುಡುವುದಿಲ್ಲ? ಇಲ್ಲಿದೆ ತೊಡೆಯ ಪ್ಲೇಟಿನ ಗುಟ್ಟು. ಕರೆಂಟು ಯಾವಾಗಲೂ ಹೊರಟಲ್ಲಿಗೆ ವಾಪಸು ಬರಬೇಕು. ಸರ್ಜನ್ ಕೈಯಲ್ಲಿರುವ ಪೆನ್ಸಿಲಿನ ತುದಿಯಿಂದ ಮೈಯೊಳಗೆ ಹೋಗುತ್ತದೆ, ತೊಡೆಯ ಪ್ಲೇಟಿನ ಮೂಲಕ ಹೊರಗೆ ಬಂದು ಪೆಟ್ಟಿಗೆ ಸೇರುತ್ತದೆ. ಎರಡೂ ಕಡೆ ಹರಿಯುವ ಕರೆಂಟು ಅಷ್ಟೇ. ವ್ಯತ್ಯಾಸ ಜಾಗದ್ದು. ಮಳೆಗಾಲದಲ್ಲಿ ಘಟ್ಟದ ಕಣಿವೆಯಲ್ಲಿ ಇಕ್ಕಟ್ಟಾಗಿ ನುಗ್ಗುವ ನೀರು ಕಲ್ಲನ್ನೂ ಉರುಳಿಸುತ್ತದೆ. ಅದೇ ನೀರು ಕೆಳಗೆ ಬಂದು ಪಣಜಿಯ ಹತ್ತಿರ ಮಾಂಡೋವಿಯಾಗಿ ಹರಡಿದಾಗ, ಉಳ್ಳಾಲದ ಹತ್ತಿರ ನೇತ್ರಾವತಿಯಾಗಿ ಹರಡಿದಾಗ, ಮೆಲ್ಲಗೆ ಸಾಗುತ್ತದೆ. ಪೆನ್ಸಿಲಿನ ತುದಿ ಕಣಿವೆ. ಪ್ಲೇಟು ಅಳಿವೆ. ತುದಿಯಲ್ಲಿ ಕರೆಂಟು ಒತ್ತೊತ್ತಾಗಿ ಇರುವುದರಿಂದ ಮಾಂಸ ಸುಡುತ್ತದೆ, ಪ್ಲೇಟಿನಲ್ಲಿ ಹರಡಿಕೊಳ್ಳುವುದರಿಂದ ಚರ್ಮಕ್ಕೆ ಏನೂ ಆಗುವುದಿಲ್ಲ.

ಪ್ಲೇಟು ಅರ್ಧ ಕಿತ್ತುಬಂದರೆ? ಅಳಿವೆ ಕಿರಿದಾದ ಹಾಗೆ. ಉಳಿದ ಸಣ್ಣ ಜಾಗದಲ್ಲಿ ಕರೆಂಟು ಒತ್ತಾಗಿ ತೊಡೆ ಸುಡಬಹುದು, ಮಲಗಿದ್ದ ರೋಗಿಗೆ ಗೊತ್ತೂ ಆಗುವುದಿಲ್ಲ. ಅದಕ್ಕೇ ಪ್ಲೇಟನ್ನು ಕೂದಲಿಲ್ಲದ, ಒಣಗಿದ, ಮಾಂಸ ತುಂಬಿದ ಜಾಗಕ್ಕೆ ಅಂಟಿಸುವುದು, ಎಲುಬಿನ ಮೇಲೆ, ಹಳೇ ಗಾಯದ ಕಲೆಯ ಮೇಲೆ ಅಂಟಿಸದಿರುವುದು. ಈಗಿನ ಯಂತ್ರಗಳಲ್ಲಿ ಎರಡು ಭಾಗದ ಪ್ಲೇಟು ಇರುತ್ತದೆ. ಅಂಟು ಸರಿಯಿಲ್ಲ ಎಂದು ಕಂಡರೆ ಯಂತ್ರವೇ ಕೂಗಿ ಕರೆಂಟು ನಿಲ್ಲಿಸುತ್ತದೆ. ಉಂಗುರ, ಬಳೆ ತೆಗೆಸುವುದೂ ಇದೇ ಲೆಕ್ಕದಲ್ಲಿ. ಕರೆಂಟು ಅಡ್ಡದಾರಿ ಹಿಡಿದು ಆ ಸಣ್ಣ ಲೋಹದ ಹತ್ತಿರ ಒತ್ತಾಗಿ ಹರಿಯಬಾರದು.

ಇನ್ನು ಹಳದಿ, ನೀಲಿ ಗುಂಡಿ. ಹಳದಿ ಒತ್ತಿದರೆ ಕರೆಂಟು ಎಡೆಬಿಡದೆ ಹರಿಯುತ್ತದೆ. ಜೀವಕೋಶದೊಳಗಿನ ನೀರು ತಕ್ಷಣ ಕುದಿದು ಆವಿಯಾಗಿ ಕೋಶ ಒಡೆಯುತ್ತದೆ. ಕಾದ ಕಾವಲಿಗೆ ನೀರು ದೋಸೆ ಹುಯ್ದಾಗ ಚುಂಯ್ ಎಂದು ತೂತು ಬೀಳುವ ಹಾಗೆ. ತುದಿ ಸಾಗಿದಲ್ಲೆಲ್ಲ ಮಾಂಸ ಬಿಡಿಸಿಕೊಳ್ಳುತ್ತದೆ, ಅದೇ ಕೊಯ್ತ. ನೀಲಿ ಒತ್ತಿದರೆ ಕರೆಂಟು ಬಿಟ್ಟು ಬಿಟ್ಟು ಬರುತ್ತದೆ, ಆದರೆ ಹೆಚ್ಚು ವೋಲ್ಟೇಜಿನಲ್ಲಿ. ಮಧ್ಯೆ ಬಿಡುವು ಇರುವುದರಿಂದ ಕೋಶ ಸಿಡಿಯುವುದಿಲ್ಲ, ಒಣಗಿ ಗಟ್ಟಿಯಾಗುತ್ತದೆ. ಮೊಟ್ಟೆಯ ಬಿಳಿ ಬೆಂದು ಗಟ್ಟಿಯಾದ ಹಾಗೆ ರಕ್ತನಾಳದ ಬಾಯಿ ಮುಚ್ಚಿಕೊಳ್ಳುತ್ತದೆ. ಒಂದು ಕೊಯ್ಯುತ್ತದೆ, ಒಂದು ಮುಚ್ಚುತ್ತದೆ. ಇದೇ ಬೋವಿ ಮಾಡಿಕೊಟ್ಟ ಅನುಕೂಲ.

ಕುಶಿಂಗ್ ಕೈ ಚೆಲ್ಲಿದ ಆಪರೇಷನ್

ಬೋವಿಯ ಹಂಟಿಂಗ್ಟನ್ ಆಸ್ಪತ್ರೆಗೆ ಹತ್ತಿರವೇ ಪೀಟರ್ ಬೆಂಟ್ ಬ್ರಿಗಾಮ್ ಆಸ್ಪತ್ರೆ ಇತ್ತು. ಅಲ್ಲಿನ ಮುಖ್ಯ ಸರ್ಜನ್ ಹಾರ್ವೆ ಕುಶಿಂಗ್. ಮೆದುಳಿನ ಸರ್ಜರಿಯನ್ನು ಒಂದು ಪ್ರತ್ಯೇಕ ವಿದ್ಯೆಯಾಗಿ ಕಟ್ಟಿದವರು, ಜಗತ್ತಿನ ಡಾಕ್ಟರುಗಳು ನೋಡಿ ಕಲಿಯಲು ಬರುತ್ತಿದ್ದಂಥ ದೊಡ್ಡ ಹೆಸರು. 1926ರಲ್ಲಿ ಅವರು ಬರೆದ ಒಂದು ಜೀವನಚರಿತ್ರೆಗೆ ಪುಲಿಟ್ಝರ್ ಪ್ರಶಸ್ತಿಯೂ ಬಂದಿತ್ತು.

ಅಂಥ ಕುಶಿಂಗ್‌ಗೂ ಒಂದು ಶತ್ರು ಇತ್ತು, ರಕ್ತ. ಮೆದುಳಿನ ನಾಳಗಳನ್ನು ಕೈ ಮೇಲಿನ ನಾಳದ ಹಾಗೆ ದಾರದಿಂದ ಕಟ್ಟಲು ಬರುವುದಿಲ್ಲ, ತೀರಾ ಮೃದು, ತೀರಾ ಆಳ. ಅದಕ್ಕಾಗಿ 1911ರಲ್ಲಿ ಅವರೇ ಬೆಳ್ಳಿಯ ಪುಟ್ಟ ಕ್ಲಿಪ್ಪುಗಳನ್ನು ಬಳಕೆಗೆ ತಂದಿದ್ದರು. ಆದರೂ ರಕ್ತ ತುಂಬಿದ ಗಡ್ಡೆಗಳ ಮುಂದೆ ಅದೂ ಸಾಲುತ್ತಿರಲಿಲ್ಲ. ಆ ಕಾಲದಲ್ಲಿ ಈಗಿನಂಥ ಬ್ಲಡ್ ಬ್ಯಾಂಕ್ ಇರಲಿಲ್ಲ. ರಕ್ತ ಕೊಡುವವರು ಆಪರೇಷನ್ ಸಮಯದಲ್ಲಿ ಖುದ್ದು ಹಾಜರಿರಬೇಕಿತ್ತು. ಎಷ್ಟೋ ರೋಗಿಗಳ ತಲೆ ತೆರೆದು, ಗಡ್ಡೆ ನೋಡಿ, ಮುಟ್ಟಲು ಧೈರ್ಯವಾಗದೆ ಹಾಗೇ ಮುಚ್ಚಿದ್ದೂ ಇತ್ತು. ಅಂಥ ರೋಗಿಗೆ ಮನೆಗೆ ಹೋಗಿ ದಿನ ಎಣಿಸುವುದೊಂದೇ ಉಳಿದಿರುತ್ತಿತ್ತು.

1926ರ ಸೆಪ್ಟೆಂಬರ್ ಕೊನೆಗೆ ಇಂಥದ್ದೇ ಒಂದು ಆಪರೇಷನ್. ತಲೆಬುರುಡೆಯ ಮೇಲೆ ಬೆಳೆದಿದ್ದ, ರಕ್ತನಾಳ ತುಂಬಿದ ಗಡ್ಡೆ. ಕುಶಿಂಗ್ ಶುರು ಮಾಡಿದರು, ರಕ್ತ ನಿಲ್ಲಲಿಲ್ಲ, ಅರ್ಧಕ್ಕೇ ಬಿಟ್ಟರು. ಆಗ ಅವರಿಗೆ ಬೋವಿಯ ಯಂತ್ರದ ನೆನಪಾಯಿತು. ಕೇಳಿಕೊಂಡರು. ಬೋವಿ ಒಪ್ಪಿದರು.

ಅಕ್ಟೋಬರ್ 1ರಂದು ಬೋವಿ ತಮ್ಮ ಯಂತ್ರವನ್ನು ಬ್ರಿಗಾಮ್ ಆಸ್ಪತ್ರೆಯ ಥಿಯೇಟರಿಗೆ ತಂದರು. ಆಗ ಅವರಿಗೆ 44 ವರ್ಷ, ಕುಶಿಂಗ್‌ಗೆ 57. ಥಿಯೇಟರಿನಲ್ಲಿ ಹೊರಗಿನಿಂದ ನೋಡಲು ಬಂದ ಡಾಕ್ಟರುಗಳ ಗುಂಪು, ಹೊಸ ಯಂತ್ರ, ಕಿಡಿ, ಸುಟ್ಟ ವಾಸನೆ. ರಕ್ತ ಕೊಡಲು ಕೂತಿದ್ದ ವಿದ್ಯಾರ್ಥಿ ತಲೆ ತಿರುಗಿ ಬಿದ್ದ. ಇಷ್ಟೆಲ್ಲ ಗಲಾಟೆಯ ನಡುವೆ ಬೋವಿ ಯಂತ್ರ ನೋಡಿಕೊಂಡರು, ಕುಶಿಂಗ್ ಕೈ ನಡೆಸಿದರು. ಕೆಲವೇ ದಿನ ಮೊದಲು ಆಗದೆ ಬಿಟ್ಟಿದ್ದ ಗಡ್ಡೆಯನ್ನು ಈ ಸಲ ತುಂಡು ತುಂಡಾಗಿ ತೆಗೆದು ಹಾಕಿದರು. ಹಿಂದಿನ ಸಲದಂತೆ ರಕ್ತ ಅವರನ್ನು ತಡೆಯಲಿಲ್ಲ.

ಕುಶಿಂಗ್ ಅಲ್ಲಿಗೆ ನಿಲ್ಲಲಿಲ್ಲ. ಹಿಂದೆ ಆಗುವುದಿಲ್ಲ ಎಂದು ವಾಪಸು ಕಳಿಸಿದ್ದ ರೋಗಿಗಳನ್ನು ಮತ್ತೆ ಕರೆಸತೊಡಗಿದರು. ಮುಂದಿನ ವರ್ಷಗಳಲ್ಲಿ ಅವರು ಮೆದುಳಿನ ಗಡ್ಡೆಗಳ ಮೇಲೆ ಮಾಡಿದ ಕೆಲಸಕ್ಕೆ ಈ ಯಂತ್ರ ಬಲಗೈಯಾಯಿತು. 1928ರಲ್ಲಿ ಅವರು ಇದರ ಬಗ್ಗೆ ಒಂದು ದೊಡ್ಡ ವೈದ್ಯಕೀಯ ಲೇಖನ ಪ್ರಕಟಿಸಿದರು. ಅದರ ಜೊತೆಗೆ ಯಂತ್ರದ ಬಗ್ಗೆ ಬೋವಿಯ ಟಿಪ್ಪಣಿಯೂ ಬಂತು. ದೊಡ್ಡ ಸರ್ಜನ್ ಬಳಸುತ್ತಾರೆ ಎಂದಾದ ಮೇಲೆ ಉಳಿದವರ ಅನುಮಾನ ಕರಗಿತು. ವ್ಯಾಪಾರದವರಿಗೆ ಇದು ಚೆನ್ನಾಗಿ ಗೊತ್ತಿರುವ ವಿಷಯ. ಮಾಲು ಎಷ್ಟೇ ಒಳ್ಳೆಯದಿರಲಿ, ಮೊದಲ ದೊಡ್ಡ ಗಿರಾಕಿ ಸಿಗುವ ತನಕ ಅದು ಕಪಾಟಿನಲ್ಲೇ ಇರುತ್ತದೆ.

ಅಪಾಯಗಳೂ ಇದ್ದವು. ಆಗ ಅರಿವಳಿಕೆಗೆ ಬಳಸುತ್ತಿದ್ದ ಈಥರ್ ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುವ ವಸ್ತು, ಅದರ ಪಕ್ಕದಲ್ಲೇ ಕಿಡಿ ಹಾರಿಸುವ ಯಂತ್ರ. ಒಮ್ಮೆ ಕರೆಂಟು ದಾರಿ ತಪ್ಪಿ ಲೋಹದ ಉಪಕರಣದ ಮೂಲಕ ಕುಶಿಂಗ್ ಅವರ ಕೈಗೇ ಹೊಡೆದು, ಅವರು ತಲೆಗೆ ಕಟ್ಟಿಕೊಂಡಿದ್ದ ದೀಪದ ಮೂಲಕ ಹೊರಗೆ ಹೋಗಿತ್ತು. ಆದರೂ ಅವರು ಯಂತ್ರ ಬಿಡಲಿಲ್ಲ, ಹುಷಾರಾಗಿ ಬಳಸುವುದನ್ನು ಕಲಿತರು.

ಒಂದು ಡಾಲರಿನ ಲೆಕ್ಕ

ಇಲ್ಲಿಗೆ ಬೋವಿಯ ಬದುಕು ಹಸನಾಗಬೇಕಿತ್ತು. ಆಗಲಿಲ್ಲ. ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. ಸ್ವಭಾವದಲ್ಲಿ ಸ್ವಲ್ಪ ವಿಚಿತ್ರ, ಒಂದು ವಿಚಾರದಿಂದ ಇನ್ನೊಂದಕ್ಕೆ ಹಾರುವವರು ಎಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. ಅಂಥವರಿಗೆ ದೊಡ್ಡ ಸಂಸ್ಥೆಗಳಲ್ಲಿ ಜಾಗ ಸಿಗುವುದು ಕಷ್ಟ. ಚಾರಿತ್ರಿಕ ಆಪರೇಷನ್ ನಡೆದ ಮರುವರ್ಷವೇ, 1927ರಲ್ಲಿ, ಅವರು ಬೋಸ್ಟನ್ ಬಿಟ್ಟು ಚಿಕಾಗೋ ಕಡೆಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲೂ ಬಹಳ ಕಾಲ ಉಳಿಯಲಿಲ್ಲ. ಕೊನೆಗೆ ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯಕ್ಕೆ ಹೋಗಿ ನೆಲೆಸಿದರು.

ಯಂತ್ರದ ಪೇಟೆಂಟ್ ಹಕ್ಕನ್ನು ಸಿನ್ಸಿನಾಟಿಯ ಲೀಬೆಲ್ ಫ್ಲಾರ್ಶೈಮ್ ಕಂಪನಿಗೆ ವರ್ಗಾಯಿಸಿದರು. ಬದಲಿಗೆ ತೆಗೆದುಕೊಂಡದ್ದು ಒಂದು ಡಾಲರ್. ಅಂದಿನ ವಿನಿಮಯ ದರದಲ್ಲಿ ಮೂರು ರೂಪಾಯಿಗೂ ಕಡಿಮೆ.

ಕಾಮರ್ಸ್ ಓದಿದವರಿಗೆ ಈ ಒಂದು ಡಾಲರಿನ ಅರ್ಥ ಗೊತ್ತಾಗುತ್ತದೆ. ಕೊಟ್ಟದ್ದಕ್ಕೆ ಪ್ರತಿಯಾಗಿ ಏನಾದರೂ ಪಡೆದರೆ ಮಾತ್ರ ಕರಾರು ಗಟ್ಟಿ ನಿಲ್ಲುತ್ತದೆ. ಅದಕ್ಕಾಗಿ ಹೆಸರಿಗೊಂದು ಮೊತ್ತ ಬರೆಯುವುದು ರೂಢಿ. ನಮ್ಮ 1872ರ ಕರಾರು ಕಾಯ್ದೆಯಲ್ಲೂ ಪ್ರತಿಫಲ ಇಲ್ಲದ ಒಪ್ಪಂದ ಸಾಮಾನ್ಯವಾಗಿ ಊರ್ಜಿತವಲ್ಲ, ಆದರೆ ಪ್ರತಿಫಲ ತೀರಾ ಕಡಿಮೆ ಎಂಬ ಒಂದೇ ಕಾರಣಕ್ಕೆ ಒಪ್ಪಂದ ಬಿದ್ದುಹೋಗುವುದೂ ಇಲ್ಲ. ಅಂದರೆ ಸ್ವಇಚ್ಛೆಯಿಂದ ಒಂದು ರೂಪಾಯಿಗೆ ಕೊಟ್ಟರೂ ಕೊಟ್ಟ ಹಾಗೇ. ನಾಳೆ ಅದೇ ಮಾಲು ಕೋಟಿ ತಂದಾಗ ಹೋಗಿ ಕೇಳಲು ಹಕ್ಕಿರುವುದಿಲ್ಲ. ಮಾರಾಟವಾದ ಪ್ರತಿ ಯಂತ್ರಕ್ಕೆ ಇಷ್ಟು ಎಂದು ರಾಯಲ್ಟಿ ಬರೆಸಿಕೊಂಡಿದ್ದರೆ ಬೋವಿಯ ಲೆಕ್ಕದ ಪುಸ್ತಕ ಬೇರೆಯೇ ಇರುತ್ತಿತ್ತು.

ಕಂಪನಿ ಯಂತ್ರ ತಯಾರಿಸಿ ಮಾರಿತು. ಪೆಟ್ಟಿಗೆಯ ಮೇಲೆ ಬೋವಿಯ ಹೆಸರು ಉಳಿಯಿತು. ದಶಕಗಳ ಕಾಲ ಅದು ಕಿಡಿಯ ಗ್ಯಾಪು ಮತ್ತು ವ್ಯಾಕ್ಯೂಮ್ ಟ್ಯೂಬುಗಳಿಂದಲೇ ನಡೆಯಿತು. 1970ರ ದಶಕದಲ್ಲಿ ಟ್ರಾನ್ಸಿಸ್ಟರಿನ ಸಣ್ಣ ಯಂತ್ರಗಳು ಬಂದವು. ಯಂತ್ರ ಬೆಳೆಯಿತು, ಬೋವಿಗೆ ಅದರಿಂದ ಶ್ರೀಮಂತಿಕೆ ಬರಲಿಲ್ಲ. ಮೇನ್‌ನಲ್ಲಿ ಪಾಠ ಹೇಳಿಕೊಂಡು, ತಮ್ಮದೇ ಪ್ರಯೋಗ ಮಾಡಿಕೊಂಡು ಇದ್ದರು. 1939ರಲ್ಲಿ ಕುಶಿಂಗ್ ತೀರಿಕೊಂಡಾಗ ಇಡೀ ವೈದ್ಯಲೋಕ ಶೋಕಿಸಿತು. 1958ರಲ್ಲಿ ಬೋವಿ ತೀರಿಕೊಂಡಾಗ ಅವರ ಯಂತ್ರವನ್ನು ದಿನಾ ಕೈಯಲ್ಲಿ ಹಿಡಿಯುವ ಎಷ್ಟೋ ಸರ್ಜನ್‌ಗಳಿಗೆ ಅದು ಮನುಷ್ಯನ ಹೆಸರು ಎಂಬುದೂ ಗೊತ್ತಿರಲಿಕ್ಕಿಲ್ಲ.

ಅವರು ಮೋಸ ಹೋದರಾ? ಹಾಗೆ ಹೇಳಲು ಬರುವುದಿಲ್ಲ. ಯಾರೂ ಅವರ ಕೈ ಹಿಡಿದು ಸಹಿ ಹಾಕಿಸಿದ್ದಲ್ಲ. ಯಂತ್ರ ಬೋವಿಯ ಪ್ರಯೋಗಶಾಲೆಯಲ್ಲೇ ಉಳಿದಿದ್ದರೆ ಒಂದು ಆಸ್ಪತ್ರೆಗೆ ಉಪಯೋಗವಾಗುತ್ತಿತ್ತು. ಕಂಪನಿಯ ಕೈಗೆ ಹೋದದ್ದರಿಂದ ಊರೂರಿಗೆ ಹೋಯಿತು. ಕೊಟ್ಟವರಿಗೆ ನಷ್ಟ, ಪಡೆದ ಜಗತ್ತಿಗೆ ಲಾಭ. ಆ ಲಾಭದಲ್ಲಿ ಬಾಂಬೋಲಿಂನ ಬೆಂಚಿನಲ್ಲಿ ಕೂತವರ ಪಾಲೂ ಇದೆ, ದೇರಳಕಟ್ಟೆಯಲ್ಲಿ ಕೂತವರ ಪಾಲೂ ಇದೆ.

ಇಂದಿನ ಥಿಯೇಟರಿನಲ್ಲಿ

ಈಗ ಸಿಸೇರಿಯನ್‌ನಿಂದ ಹಿಡಿದು ಹರ್ನಿಯಾ, ಪಿತ್ತಕೋಶ, ಥೈರಾಯ್ಡ್, ಕ್ಯಾನ್ಸರ್ ತನಕ ಬಹುತೇಕ ಆಪರೇಷನ್‌ಗಳಲ್ಲಿ ಈ ಯಂತ್ರ ಇರುತ್ತದೆ. ಇದರ ಇನ್ನೊಂದು ರೂಪ ಬೈಪೋಲಾರ್. ಅದರಲ್ಲಿ ಚಿಮಟಿಗೆಯ ಎರಡು ಕಾಲುಗಳ ನಡುವೆಯೇ ಕರೆಂಟು ಹೋಗಿ ಬರುತ್ತದೆ, ಹಿಡಿದುಕೊಂಡ ತುಣುಕು ಮಾತ್ರ ಸುಡುತ್ತದೆ, ಅದಕ್ಕೆ ತೊಡೆಯ ಪ್ಲೇಟು ಬೇಕಿಲ್ಲ. ಮೆದುಳು, ಕಣ್ಣಿನಂಥ ಸೂಕ್ಷ್ಮ ಜಾಗಕ್ಕೆ ಅದೇ ಒಳ್ಳೆಯದು. 1940ರಲ್ಲಿ ಗ್ರೀನ್‌ವುಡ್ ಎಂಬ ಅಮೆರಿಕದ ಮೆದುಳು ಸರ್ಜನ್ ಇದಕ್ಕೆ ದಾರಿ ಹಾಕಿದರು, ಮುಂದೆ ಮಾಲಿಸ್ ಎಂಬವರು ಅದನ್ನು ಬೆಳೆಸಿದರು. ಇಬ್ಬರೂ ನಡೆದದ್ದು ಕುಶಿಂಗ್ ಮತ್ತು ಬೋವಿ ತೆರೆದ ದಾರಿಯಲ್ಲೇ.

ಆಪರೇಷನ್‌ಗೆ ಹೋಗುವವರು, ಅವರ ಮನೆಯವರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಪೇಸ್‌ಮೇಕರ್ ಇದ್ದರೆ ಕೇಳುವ ಮೊದಲೇ ಹೇಳಬೇಕು, ಯಾಕೆಂದರೆ ಯಂತ್ರದ ಕರೆಂಟು ಅದನ್ನು ಗಲಿಬಿಲಿ ಮಾಡಬಹುದು. ಹಿಂದೆ ಎಲುಬು ಮುರಿದು ಹಾಕಿದ ರಾಡು, ಪ್ಲೇಟು ಇದ್ದರೂ ಹೇಳಬೇಕು, ಅಂಟು ಪ್ಲೇಟನ್ನು ಅದರಿಂದ ದೂರ ಹಾಕುತ್ತಾರೆ. ಆಭರಣ ತೆಗೆಯಿರಿ ಎಂದರೆ ಹಠ ಮಾಡಬಾರದು. ಮದುವೆಯ ಉಂಗುರ, ಅಜ್ಜಿ ಕೊಟ್ಟ ಬಳೆ ಎಂದು ಬೇಸರಿಸುವುದು ಸಹಜ, ಆದರೆ ಕರೆಂಟಿಗೆ ಆ ನೆನಪೆಲ್ಲ ಗೊತ್ತಿಲ್ಲ. ಚರ್ಮ ಶುದ್ಧ ಮಾಡಲು ಹಚ್ಚುವ ಸ್ಪಿರಿಟ್ ಪೂರ್ತಿ ಒಣಗುವ ತನಕ ಥಿಯೇಟರಿನವರು ಕಾಯುವುದು ಬೆಂಕಿಯ ಭಯಕ್ಕೆ. ಹೊರಗೆ ಕೂತವರಿಗೆ ತಡವಾಯಿತು ಅನಿಸಬಹುದು, ಆ ಕಾಯುವಿಕೆ ರೋಗಿಯ ಒಳ್ಳೆಯದಕ್ಕೇ. ಎಚ್ಚರವಾದ ಮೇಲೆ ಗಾಯ ಇಲ್ಲದ ಜಾಗದಲ್ಲಿ, ಅಂದರೆ ತೊಡೆಯಲ್ಲೋ ಬೆನ್ನಲ್ಲೋ, ಕೆಂಪಾಗಿ ಉರಿಯುತ್ತಿದ್ದರೆ ಸಿಸ್ಟರಿಗೆ ತಕ್ಷಣ ತೋರಿಸಬೇಕು, ನಾಚಿಕೊಂಡು ಸುಮ್ಮನಿರಬಾರದು.

ಇನ್ನೊಂದು ಮಾತು. ಮಗುವಿಗೆ ಕಾಮಾಲೆ, ಹೊಟ್ಟೆನೋವು ಎಂದು ಕಾದ ಕಬ್ಬಿಣದಿಂದ ಬರೆ ಹಾಕಿಸುವ ಪದ್ಧತಿ ನಮ್ಮ ನಾಡಿನಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಸುಡುವುದು ಹಳೆಯ ವೈದ್ಯವೇ ಅಲ್ಲವಾ ಎಂದು ಅದನ್ನು ಸಮರ್ಥಿಸುವವರೂ ಇದ್ದಾರೆ. ಸಾವಿರ ವರ್ಷದ ಹಿಂದೆ ಇದ್ದದ್ದರಲ್ಲಿ ಒಳ್ಳೆಯದು ಬೆಳೆದು ಈ ಯಂತ್ರವಾಗಿದೆ. ಬರೆ ಹಾಗೇ ಉಳಿದಿದೆ. ಅದರಿಂದ ಮಗುವಿಗೆ ಸಿಗುವುದು ಗಾಯ ಮತ್ತು ಸೋಂಕು ಮಾತ್ರ, ಕಾಮಾಲೆಗೆ ಆಸ್ಪತ್ರೆಯೇ ದಾರಿ.

ಯುವಕರಿಗೂ ಈ ಜೀವನದಲ್ಲಿ ಪಾಠ ಇದೆ. ಥಿಯೇಟರ್ ಎಂದರೆ ಡಾಕ್ಟರು ಮಾತ್ರ ಅಲ್ಲ. ಪೆಟ್ಟಿಗೆ ಸರಿ ಇದೆಯಾ ಎಂದು ಬೆಳಿಗ್ಗೆ ನೋಡುವ ಟೆಕ್ನಿಷಿಯನ್, ಅದನ್ನು ರಿಪೇರಿ ಮಾಡುವ ಬಯೋಮೆಡಿಕಲ್ ಎಂಜಿನಿಯರ್, ಪ್ಲೇಟು ಅಂಟಿಸುವ ಸಿಸ್ಟರ್, ಎಲ್ಲರೂ ಬೇಕು. ಎಂಬಿಬಿಎಸ್ ಸೀಟು ಸಿಗಲಿಲ್ಲ ಎಂದು ಕೈಕಟ್ಟಿ ಕೂರುವ ಹುಡುಗ ಹುಡುಗಿಯರು ನೆನಪಿಡಬೇಕಾದ್ದು, ಗಿಡಗಳ ಬಗ್ಗೆ ಓದಿದ ಒಬ್ಬ ಮನುಷ್ಯ ಸರ್ಜರಿಯ ದಿಕ್ಕನ್ನೇ ಬದಲಿಸಿದರು ಎಂಬುದನ್ನು. ಹಾಗೆಯೇ, ಏನಾದರೂ ಹೊಸದು ಮಾಡಿದವರು ಸಹಿ ಹಾಕುವ ಮೊದಲು ಕಾಗದ ಓದಬೇಕು. ನಮ್ಮ ದೇಶದಲ್ಲಿ ಪೇಟೆಂಟ್ ಸಿಕ್ಕರೆ 20 ವರ್ಷ ಹಕ್ಕು ಇರುತ್ತದೆ. ದಾನ ಕೊಡುವುದು ದೊಡ್ಡ ಗುಣ, ಆದರೆ ಎಷ್ಟು ಕೊಡುತ್ತಿದ್ದೇವೆ ಎಂದು ಗೊತ್ತಿದ್ದು ಕೊಡಬೇಕು.

ಬೋವಿಯ ಕೈಗೆ ಬಂದದ್ದು ಒಂದು ಡಾಲರ್. ಇವತ್ತು ಎಲ್ಲೋ ಒಂದು ಥಿಯೇಟರಿನಲ್ಲಿ ಸರ್ಜನ್ ನೀಲಿ ಗುಂಡಿ ಒತ್ತುತ್ತಾರೆ, ಸಣ್ಣಗೆ ಹೊಗೆ ಏಳುತ್ತದೆ, ರಕ್ತ ನಿಲ್ಲುತ್ತದೆ. ಹೊರಗೆ ಬಾಗಿಲು ತೆರೆಯುತ್ತದೆ, ಆಪರೇಷನ್ ಆಯ್ತು, ತೊಂದರೆ ಇಲ್ಲ ಎಂದು ಸಿಸ್ಟರ್ ಹೇಳುತ್ತಾರೆ. ಬೆಂಚಿನಲ್ಲಿ ಕೂತಿದ್ದ ಉಮ್ಮ ಅಲ್‌ಹಮ್ದುಲಿಲ್ಲಾಹ್ ಎಂದು ಎದ್ದು ನಿಲ್ಲುತ್ತಾರೆ.